ಮೇಣದ ಮೇಣೆ

೧೯ ಜನವರಿ ೧೯೭೮, ಗುರುವಾರ. ಬೆಳಿಗ್ಗೆ ೬

ಎರಡನೇ ಹಲಗೆಗೆ ಮೂರನೇ ಪದರ. ಮೇಣ ಇವತ್ತು ಹೇಳಿದ ಮಾತು ಕೇಳುತ್ತಿದೆ. ಈ ಚಳಿಗೆ ಬ್ರಶ್ ಹಲಗೆ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ ಅಂತ ಸ್ಟೋವನ್ನು ಮೊಣಕಾಲ ಹತ್ತಿರವೇ ಇಟ್ಟುಕೊಂಡೆ. ಸೀರೆಯ ಅಂಚು ಸುಟ್ಟಿತು. ಇರಲಿ, ಹಳೆಯದು.

ಇವತ್ತಿನ ಹದ ಬರೆದಿಡಬೇಕು. ಜೇನುಮೇಣ ಎಂಟು ಪಾಲು, ರಾಳ ಒಂದು ಪಾಲು. ರಾಳ ಕಡಿಮೆಯಾದರೆ ಬೇಸಿಗೆಗೆ ಬೆವರುತ್ತದೆ, ಹೆಚ್ಚಾದರೆ ಬಿರಿಯುತ್ತದೆ. ಕಾಯಿಸು, ಸೋಸು, ಬಣ್ಣದ ಪುಡಿ ಕಲೆಸು, ಬಿಸಿ ಇರುವಾಗಲೇ ಬಳಿ, ಆಮೇಲೆ ಬ್ಲೋ ಲ್ಯಾಂಪಿನ ಉರಿ ಹಾಯಿಸಿ ಪದರಕ್ಕೆ ಪದರ ಬೆಸೆ. ಮುಂಬಯಿಯಲ್ಲಿ ಕಲಿಯುವಾಗ ಇದನ್ನು ಒಂದೇ ಒಂದು ದಿನ ತೋರಿಸಿದ್ದರು. ಉಳಿದವರೆಲ್ಲ ಕೈ ಸುಟ್ಟುಕೊಂಡು ಬಿಟ್ಟರು. ನಾನು ಕೈ ಸುಟ್ಟುಕೊಂಡೆ, ಬಿಡಲಿಲ್ಲ.

ಬಣ್ಣದ ತಟ್ಟೆ — ಅವ್ವನ ಪಡ್ಡಿನ ಹಂಚು. ಏಳು ಗುಳಿ, ಏಳು ಬಣ್ಣ, ಕೆಳಗೆ ಸಣ್ಣ ಉರಿ. ಇದಕ್ಕಿಂತ ಒಳ್ಳೆಯ ಸಾಧನ ಪ್ಯಾರಿಸ್ಸಿನಲ್ಲೂ ಇರಲಾರದು. ಅವ್ವ ಇನ್ನೂ ಹಂಚು ಹುಡುಕುತ್ತಿದ್ದಾಳೆ.

ಹೊಸ ಹಾಲ್‌ನ ಗೋಡೆಗೆ ನನ್ನ ಚಿತ್ರ ಹಾಕುವ ಬಗ್ಗೆ ವಾಚನಾಲಯ ಸಮಿತಿಯ ಠರಾವಿನ ಪ್ರತಿ ನಿನ್ನೆ ಬಂತು. ಕಾರ್ಯದರ್ಶಿ ಪರಮಾನಂದ ಮಾಸ್ತರರ ಅಕ್ಷರ, ಮುತ್ತು ಪೋಣಿಸಿದ ಹಾಗೆ. 'ಸರ್ವಾನುಮತದಿಂದ' ಎನ್ನುವವರೆಗೆ ಓದಿದೆ. ಸಾಕು. ಸ್ಟೋವಿನ ಒಂದು ಕಾಲು ಕುಂಟುತ್ತಿತ್ತು. ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಇಟ್ಟೆ. ಈಗ ನೆಟ್ಟಗೆ ನಿಂತಿದೆ.

೨೪ ಜನವರಿ, ಮಂಗಳವಾರ

ಹಂಚು ಸಿಕ್ಕಿಬಿಟ್ಟಿತು. ಅವ್ವ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದಳು.

"ನಲೂ, ಪಡ್ಡಿನ ಹಂಚಿನ್ಯಾಗ ನೀಲಿ ಹಾಕೀದೀ! ಇನ್ನ ನಾ ಪಡ್ಡು ಎದರಾಗ ಮಾಡ್ಲಿ?"

"ಹೊಸಾದು ತರ್ತೀನಿ ಅವ್ವಾ."

"ಅದು ನಮ್ಮ ಅತ್ತಿಯವರದು. ಅರವತ್ತು ವರ್ಷ ಆತು."

ನನ್ನ ಅವ್ವ ಜಾನಕಿಬಾಯಿಯವರ ಕೋಪ ಎರಡು ದಿನ ಇರುತ್ತದೆ. ಎರಡು ದಿನ ಅಡುಗೆಗೆ ಉಪ್ಪು ಕಡಿಮೆ. ತಡೆದುಕೊಳ್ಳಬಹುದು.

ಮಧ್ಯಾಹ್ನ ಸಮಿತಿಯ ಅಧ್ಯಕ್ಷರು, ರೇವಣಪ್ಪ ಗೌಡರು ಬಂದಿದ್ದರು. ಹಾಲ್ ಕಟ್ಟಿಸಿದ್ದೇ ಅವರು. ಗೋಡೆಯ ಚಿತ್ರವೂ ಅವರ ತಾಯಿಯ ಹೆಸರಿನಲ್ಲೇ ಆಗಬೇಕಂತೆ. ಒಳಗೆ ಬರಲಿಲ್ಲ, ರಾಳದ ಹೊಗೆಗೆ ಅವರಿಗೆ ಕೆಮ್ಮು. ನನ್ನ ಕೋಣೆಯ ಮುಂದೆ, ಕಾಸಿಂಸಾಬರ ಕಲಾಯಿ ಅಂಗಡಿಯ ಕಟ್ಟೆಯ ಮೇಲೆಯೇ ಕೂತು ಕೇಳಿದರು.

"ಅಕ್ಕೋರ, ಮೇಣಿಗೆ ಎಷ್ಟ ಮಂದಿ ಹಾಕತೀರಿ?"

ಮೇಣಕ್ಕೆ ಅನ್ನುವುದಿಲ್ಲ, ಮೇಣಿಗೆ ಅನ್ನುತ್ತಾರೆ. ಊರ ಬಾಯಿ. ಎಲ್ಲರನ್ನೂ ತಿದ್ದುತ್ತ ಕೂರಲು ನನಗೆ ಸಂಬಳ ಕೊಡುವುದು ಶಾಲೆಯಲ್ಲಿ ಮಾತ್ರ. ಹಲಗೆಗೆ ಇಬ್ಬರು, ನಾಲ್ಕು ಹಲಗೆ — ಲೆಕ್ಕ ಹಾಕಿ ಹೇಳಿದೆ.

"ಎಂಟು ಮಂದಿ ಬೇಕ್ರಿ ಗೌಡ್ರ. ಕಡಿಮಿ ಆದ್ರ ಎತ್ತಲಿಕ್ಕೆ ಆಗೂದಿಲ್ಲ."

ಗೌಡರ ಮುಖ ಅರಳಿತು. "ಎಂಟ ಮಂದೀದು! ನಮ್ಮದೂ ಎಂಟ ಮಂದೀದ ಇತ್ರಿ."

ನಮ್ಮದೂ ಅಂದರೆ ಏನೋ. ಕೇಳಲು ಪುರುಸೊತ್ತಿರಲಿಲ್ಲ, ಒಲೆಯ ಮೇಲೆ ಹಳದಿ ಇತ್ತು.

೫ ಫೆಬ್ರವರಿ, ಭಾನುವಾರ

ಇಡೀ ದಿನ ನನ್ನದು. ಎರಡನೇ ಹಲಗೆ ಮುಗಿಯಿತು.

ಬುತ್ತಿ ಹೊತ್ತು ಹೊಲಕ್ಕೆ ಹೊರಟ ಹನ್ನೊಂದು ಹೆಂಗಸರು. ಆಳೆತ್ತರ. ಆರು ಅಡಿ ಎತ್ತರ, ಹದಿನಾರು ಅಡಿ ಉದ್ದ. ಕೋಣೆ ಇರುವುದು ಹತ್ತು ಬೈ ಹನ್ನೆರಡು, ಕಾಸಿಂಸಾಬರ ಕಲಾಯಿ ಅಂಗಡಿಯ ಹಿಂಭಾಗ. ಒಂದು ಸಲಕ್ಕೆ ಎರಡು ಹಲಗೆ ಮಾತ್ರ ಜೋಡಿಸಿ ನೋಡಬಹುದು. ನಾಲ್ಕನ್ನೂ ಒಟ್ಟಿಗೆ ನಾನೇ ನೋಡಿಲ್ಲ. ಆದರೆ ತಲೆಯಲ್ಲಿ ಇದೆ, ಕಣ್ಣು ಮುಚ್ಚಿದರೆ ಹನ್ನೊಂದೂ ಮಂದಿ ಸಾಲಾಗಿ ನಡೆಯುತ್ತಾರೆ. ಬಾಗಿಲು ಅಳೆದೇ ಹಲಗೆ ಕೊಯ್ಯಿಸಿದ್ದೇನೆ. ಅಷ್ಟು ಬುದ್ಧಿ ಇದೆ.

ನಾಲ್ಕನೇ ಹಲಗೆಯಲ್ಲಿ ದೊಡ್ಡ ಬೇವಿನ ಮರ. ಅದರ ನೆರಳಿನಲ್ಲಿ ಏನಿರಬೇಕು, ಗೊತ್ತಾಗಿಲ್ಲ. ಬರಿದಾಗಿ ಬಿಟ್ಟಿದ್ದೇನೆ. ಹೊಳೆಯುತ್ತದೆ, ಅವಸರವಿಲ್ಲ.

ಕಾಸಿಂಸಾಬರಿಂದ ಬ್ಲೋ ಲ್ಯಾಂಪ್ ಪಾಠ. ನಲವತ್ತು ವರ್ಷದಿಂದ ಊರಿನ ಹಿತ್ತಾಳೆ ಪಾತ್ರೆಗೆಲ್ಲ ಕಲಾಯಿ ಹಾಕಿದ ಕೈ. ನಾನು ಉರಿ ಹಿಡಿದದ್ದು ನೋಡಿ ಲ್ಯಾಂಪ್ ಕಸಿದುಕೊಂಡರು.

"ಅಕ್ಕೋರ, ಬೆಂಕಿ ತೋರಸ್ರಿ. ಕೊಡಬ್ಯಾಡ್ರಿ."

ಒಂದು ಮೊಳ ದೂರದಿಂದ, ಕೈ ನಿಲ್ಲಿಸದೆ, ಗಾಳಿ ಬೀಸಿದ ಹಾಗೆ ಹಾಯಿಸಿದರು. ಮೇಣ ಒಂದು ಕ್ಷಣ ಮಿಂಚಿ ಮತ್ತೆ ಮಂಕಾಯಿತು. ಅದೇ ಬೆಸುಗೆ. ಮುಂಬಯಿಯ ಪ್ರೊಫೆಸರಿಗೂ ಇದು ಬರುತ್ತಿರಲಿಲ್ಲ.

೧೮ ಫೆಬ್ರವರಿ, ಶನಿವಾರ

ಇಂಡಿ ಊರಿಗೆ ಒಂದೇ ಚಿಂತೆ. ಕರಗುತ್ತದೆ. ಹಾಲಿನವ, ಪೋಸ್ಟಿನವ, ಹೆಡ್‌ಮಿಸ್ಟ್ರೆಸ್ — ಎಲ್ಲರದೂ ಅದೇ ರಾಗ. "ಇಂಡಿ ಬಿಸಲ್ರಿ ಇದು, ಮೇಣದಬತ್ತಿ ನೆಟ್ಟಗ ನಿಲ್ಲಂಗಿಲ್ಲ."

ಹೋದ ಮೇ ತಿಂಗಳು ಪೂರ್ತಿ ಎರಡು ತುಂಡು ಹಲಗೆ ನಮ್ಮ ತಗಡಿನ ಅಟ್ಟದಲ್ಲಿ ಇಟ್ಟಿದ್ದೆ. ರಾಳ ಹಾಕದ್ದು ಅಳುತ್ತ ಕೆಳಗಿಳಿಯಿತು. ರಾಳ ಹಾಕಿದ್ದು ಕದಲಲಿಲ್ಲ. ಅದನ್ನು ಯಾರಿಗೂ ತೋರಿಸುವುದಿಲ್ಲ. ಚಿಂತೆ ಮಾಡಲಿ.

ಗೌಡರು ಮತ್ತೆ ಕಟ್ಟೆಯ ಮೇಲಿಂದಲೇ: "ಮೇಣಿ ಕೆಂಪಂದ ಇರ್ಲಿ ಅಕ್ಕೋರ. ಮಖಮಲ್ ಇದ್ದಂಗ."

"ಹುರಮಂಜು ಹಾಕಿದ್ರ ಆತ್ರಿ, ಮಖಮಲ್ ಆಗ್ತದ" ಎಂದೆ. ಬಣ್ಣದ ಬಗ್ಗೆ ಇಷ್ಟು ಕಾಳಜಿ ಇರುವ ಗೌಡರನ್ನು ಈ ತಾಲೂಕಿನಲ್ಲಿ ನೋಡಿರಲಿಲ್ಲ. ಮನಸ್ಸಿನಲ್ಲೇ ಗೌರವ ಹೆಚ್ಚಾಯಿತು.

೫ ಮಾರ್ಚ್, ಭಾನುವಾರ

ಮೂರನೇ ಹಲಗೆ. ಏಳನೆಯವಳ ಮುಖ ಬಂತು. ಬಂತು ಅಂದರೆ ಬಂದೇಬಿಟ್ಟಿತು, ನಾನು ಬರೆದದ್ದೇ ಅಲ್ಲ ಎನ್ನುವ ಹಾಗೆ. ತುಸು ಬಾಯಿ ತೆರೆದು ಪಕ್ಕದವಳಿಗೆ ಏನೋ ಹೇಳುತ್ತಿದ್ದಾಳೆ. ಬುತ್ತಿಗೆ ಒಂದು ಕೈ. ಎಷ್ಟು ಸುಖವಾಗಿದೆ ನನಗೆ ಅಂದರೆ, ಮನೆಯ ದಾರಿಯಲ್ಲಿ ಒಬ್ಬಳೇ ನಗುತ್ತ ಹೋದೆ.

ಹದಿನಾಲ್ಕು ವರ್ಷ ಏಳನೇ ಇಯತ್ತೆಯ ಮಕ್ಕಳಿಂದ ಬದನೆಕಾಯಿ, ಹೂಜಿ, ಬಕೀಟಿನ ಚಿತ್ರ ಬರೆಸಿದ್ದೇ ಬಂತು. ಪುಣೆಯ ಗಂಡನ ಮನೆಯಿಂದ ಆರೇ ತಿಂಗಳಿಗೆ ಟ್ರಂಕು ಹಿಡಿದು ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಇಳಿದವಳು ಏನು ತಾನೇ ಮಾಡಿಯಾಳು ಅಂತ ನೆಂಟರೆಲ್ಲ ಅಂದುಕೊಂಡಿದ್ದರು. ಇದನ್ನು ಮಾಡಿದೆ.

೨೬ ಮಾರ್ಚ್, ಭಾನುವಾರ. ಮಧ್ಯಾಹ್ನ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಗೌಡರು ಇವತ್ತು ಮೂಗಿಗೆ ಟವೆಲು ಕಟ್ಟಿಕೊಂಡು ಒಳಗೆ ಬಂದರು. ಒಂದು, ಎರಡು, ಮೂರು, ನಾಲ್ಕು — ಹಲಗೆ ತಿರುವಿ ತಿರುವಿ ನೋಡಿದರು. ಹಲಗೆಯ ಹಿಂದೂ ನೋಡಿದರು.

"ಚಲೋ ಅದಾವ್ರಿ ಹೆಣ್ಮಕ್ಕಳು. ಮೇಣಿ ಎಲ್ಲೈತ್ರಿ?"

"ಇಗೋ, ಡಬ್ಬ್ಯಾಗ ಅದ. ಇನ್ನೂ ಎರಡು ಕಿಲೋ ಉಳದದ."

ಗೌಡರು ಡಬ್ಬಿ ನೋಡಿದರು. ನನ್ನನ್ನು ನೋಡಿದರು. ಹುಚ್ಚಾಸ್ಪತ್ರೆಯಿಂದ ಓಡಿಬಂದವಳನ್ನು ನೋಡುವ ಹಾಗೆ.

"ಡಬ್ಬ್ಯಾಗ ಮೇಣಿ ಹ್ಯಾಂಗ ಇರ್ತೈತ್ರಿ ಅಕ್ಕೋರ? ಎಂಟ ಮಂದಿ ಹೊರೂ ಮೇಣಿ!"

ಆಗ ತಲೆಗೆ ಹೊಕ್ಕಿತು. ಮೇಣ ಅಲ್ಲ, ಮೇಣೆ. ಪಲ್ಲಕ್ಕಿ. ಜನವರಿಯಿಂದ ಅವರು ಕೇಳುತ್ತಿದ್ದದ್ದು ಪಲ್ಲಕ್ಕಿ. ಹೊರುವವರು ಎಂಟು ಮಂದಿ. ಕೆಂಪು ಮಖಮಲ್ಲಿನ ಹೊದಿಕೆ. ಅವರ ತಾಯಿ ಒಂಬತ್ತು ವರ್ಷದ ಮದುಮಗಳಾಗಿ ಈ ಊರಿಗೆ ಬಂದದ್ದು ಮೇಣೆಯಲ್ಲಂತೆ. ಆಮೇಲೆ ಈ ಊರಲ್ಲಿ ಯಾರೂ ಹಾಗೆ ಬಂದಿಲ್ಲವಂತೆ.

ಸ್ಟೋವಿನ ಕಾಲಡಿಯಿಂದ ಠರಾವು ಎಳೆದೆ. ಮೇಣ ಕುಡಿದ ಕಾಗದ, ಎರಡೂ ಕಡೆಯಿಂದ ಅಕ್ಷರ ಕಾಣುತ್ತಿತ್ತು. 'ಆರು ಅಡಿ ಎತ್ತರ, ಹದಿನಾರು ಅಡಿ ಉದ್ದದ ಮೇಣೆಯ ಚಿತ್ರವನ್ನು.' ಮೂರನೇ ಸಾಲಿನಲ್ಲೇ ಇದೆ. ನಾನು ಓದಿದ್ದು ಒಂದೇ ಸಾಲು.

"ಮೇಣಿ ಇಲ್ದ ಚಿತ್ರ ಆ ಗ್ವಾಡಿ ಏರಂಗಿಲ್ರಿ" ಎಂದು ಗೌಡರು ಹೊರಟುಹೋದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

೨೭ ಮಾರ್ಚ್, ಸೋಮವಾರ

ಪರಮಾನಂದ ಮಾಸ್ತರರ ಮನೆಗೆ ಹೋಗಿ ಕಾಗದ ಮುಖದ ಮುಂದೆ ಹಿಡಿದೆ. ನಾನು ಅರ್ಜಿಯಲ್ಲಿ ಬರೆದದ್ದು ಮೇಣದ ಚಿತ್ರ ಅಂತ. ಅವರಿಗೆ ಎಳ್ಳಷ್ಟೂ ಅಳುಕಿಲ್ಲ.

"ಮೇಣದ್ದು ಬತ್ತಿ ಇರ್ತೈತಿ, ಚಿತ್ರ ಇರ್ತೈತೇನ್ರಿ? ಅಕ್ಕೋರು ಅವಸರದಾಗ ತಪ್ಪ ಬರದಾರ ಅಂತ ತಿದ್ದೇನಿ. ಮೂವತ್ತ ವರ್ಷ ತಿದ್ದಿದ ಕೈರಿ ಇದು."

ಸಿಟ್ಟು ನೆತ್ತಿಗೇರಿತು. ಬಂದವಳೇ ಬ್ಲೋ ಲ್ಯಾಂಪ್ ಹೊತ್ತಿಸಿದೆ. ಏಳನೆಯವಳ ಬುತ್ತಿಗೆ ಕೊನೆಯ ಪದರ ಬೆಸೆಯಬೇಕಿತ್ತು. ಮನಸ್ಸಿನಲ್ಲಿ ಮಾಸ್ತರರಿಗೆ ಉತ್ತರ ಕೊಡುತ್ತಿದ್ದೆ, ಒಂದಕ್ಕಿಂತ ಒಂದು ಖಾರ. ಕೈ ನಿಂತುಬಿಟ್ಟಿತು.

ಬುತ್ತಿ, ಹಣೆ, ಕಣ್ಣು, ಆ ತೆರೆದ ಬಾಯಿ — ಎಲ್ಲ ಒಂದಾಗಿ ಎದೆಯವರೆಗೆ ಹರಿಯಿತು. ಕಾಸಿಂಸಾಬರು ವಾಸನೆಗೇ ಎದ್ದು ಬಂದರು. ಲ್ಯಾಂಪ್ ಆರಿಸಿದರು. "ಕೊಟ್ಟ ಬಿಟ್ರಿ ಬೆಂಕಿ" ಎಂದಷ್ಟೇ ಹೇಳಿ ಚಹಾ ತರಿಸಿದರು.

ಅತ್ತುಬಿಟ್ಟೆ. ನೆಲದ ಮೇಲೆ ಕೂತು, ಸಣ್ಣ ಮಕ್ಕಳ ಹಾಗೆ. ಹಾಲ್ ಉದ್ಘಾಟನೆಗೆ ಇಪ್ಪತ್ತು ದಿನ. ಮೇಣೆಯೂ ಇಲ್ಲ, ಈಗ ಏಳನೆಯವಳೂ ಇಲ್ಲ.

೨ ಏಪ್ರಿಲ್, ಭಾನುವಾರ

ಐದು ದಿನ ಕೋಣೆಗೆ ಹೋಗಿರಲಿಲ್ಲ. ಗೌಡರಿಗೆ ನಾಲ್ಕು ಕಾಗದ ಬರೆದು ಹರಿದೆ. ಮೂರರಲ್ಲಿ ಬೈದಿದ್ದೆ, ಒಂದರಲ್ಲಿ ಕ್ಷಮೆ ಕೇಳಿದ್ದೆ. ಹರಿದದ್ದರಲ್ಲಿ ಅದನ್ನೇ ಮೊದಲು ಹರಿದದ್ದು.

ಇವತ್ತು ಬೀಗ ತೆಗೆಯುವಾಗ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಇಳಕಲ್ ಸೀರೆ, ಕೈಯಲ್ಲಿ ಬೆತ್ತ, ಕಣ್ಣಿನಲ್ಲಿ ಬಿಳಿ ಪೊರೆ. ಹುಚ್ಚವ್ವ. ಗೌಡರ ತಾಯಿ. ಮಗನಿಗೆ ಗುಡಿಗೆ ಹೋಗುತ್ತೇನೆ ಅಂತ ಹೇಳಿ ಬಂದಿದ್ದಳಂತೆ.

"ನನಗ ಕಾಣಂಗಿಲ್ಲ ತಂಗಿ. ಮುಟ್ಟಿದ್ರ ನಡೀತೈತೇನು?"

ಬೇರೆ ಯಾವ ಚಿತ್ರವಾದರೂ ಬೇಡ ಎನ್ನುತ್ತಿದ್ದೆ. ಇದು ಮೇಣ. ಪದರದ ಮೇಲೆ ಪದರ, ಬೆರಳಿಗೆ ಸಿಗುವಷ್ಟು ಎತ್ತರ. ಕೈ ಹಿಡಿದು ಮೊದಲ ಹಲಗೆಗೆ ಒಯ್ದೆ. ಒಬ್ಬೊಬ್ಬಳನ್ನೂ ಸವರಿದಳು. ಬುತ್ತಿ, ದಂಡೆ ಕಡಗ, ಸೀರೆಯ ನೆರಿಗೆ. ಕರಗಿದ ಏಳನೆಯವಳ ಹತ್ತಿರ ಕೈ ನಿಂತಿತು, ಆಮೇಲೆ ಮುಂದೆ ಹೋಯಿತು.

"ಇವರನ್ನ ನೋಡೇನಿ ನಾ" ಎಂದಳು.

"ಎಲ್ಲಿ ಆಯಿ?"

"ಮೇಣ್ಯಾಗ ಕುಂತಾಗ. ಸಾಲೋಟಗಿಯಿಂದ ಇಲ್ಲೀತನಾ ತಂದ್ರು. ಮಂದೆಲ್ಲಾ ಏನ ಪುಣ್ಯಾ ಅಂದ್ರು. ಪುಣ್ಯಾ ಎಲ್ಲೀದ, ಒಳಗ ಉಸರ ಕಟ್ಟಿತ್ತು. ಎರಡ ಸಲ ಕಾರಿಕೊಂಡೆ. ಪರದೆ ಸಂದ್ಯಾಗಿಂದ ನೋಡಿದ್ರ, ಹೆಣ್ಮಕ್ಕಳು ಬುತ್ತಿ ಹೊತ್ಕೊಂಡು ನಕ್ಕೋತ ಹೊಂಟಿದ್ರು. ಇಳಸ್ರಪೋ, ನಾನೂ ನಡೀತೇನಿ ಅಂದೆ. ಯಾರ ಕೇಳ್ತಾರ?"

ಬಗ್ಗಿ ತನ್ನ ಚಪ್ಪಲಿ ಮುಟ್ಟಿಕೊಂಡು ಮತ್ತೆ ಹೇಳಿದಳು. "ಅಪ್ಪ ನನ್ನ ಕಾಲಿಗೆ ತೊಗಲಿನ ಹೊಸಾ ಕಾಲ್ಮರಿ ಹೊಲಿಸಿದ್ದ, ಕೆಂಪ ಗೊಂಡೇದು. ಮೇಣ್ಯಾಗ ಕುಂಡ್ರಾಕಿಗೆ ಕಾಲ್ಮರಿ ಯಾಕ ಅಂತ ಹೊಸ್ತಲದಾಗ ಬಿಡಿಸಿದ್ರು. ಅಲ್ಲೇ ಉಳದ್ವು."

ಹೋಗುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ನನ್ನ ಮಗಗ ಇದನ್ನ ಹೇಳಬ್ಯಾಡ ತಂಗಿ. ಅವಂಗ ಮೇಣಿ ಅಂದ್ರ ಭಾಳ ಹೆಮ್ಮಿ."

ಅದೇ ದಿನ, ಸಂಜೆ ೫

ಹೊಳೆಯಿತು! ಆ ಬೇವಿನ ನೆರಳು. ಎರಡು ತಿಂಗಳಿಂದ ಖಾಲಿ ಇಟ್ಟುಕೊಂಡು ಕಾಯುತ್ತಿದ್ದದ್ದು ಇದಕ್ಕೇ. ಮೇಣೆ ಅಲ್ಲಿ ಇಳಿಸಿದೆ. ಪರದೆ ತೆರೆದಿದೆ. ಒಳಗೆ ಯಾರೂ ಇಲ್ಲ. ಏಳನೆಯವಳ ಅರ್ಧ ದೇಹ ಉಳಿದಿದೆಯಲ್ಲ — ಅಷ್ಟು ಎತ್ತರದ ಒಂದು ಹುಡುಗಿ. ಒಂಬತ್ತು ವರ್ಷ. ಮದುಮಗಳ ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿದ್ದಾಳೆ. ಬಾಸಿಂಗ ಕಳಚಿ ಕೈಯಲ್ಲಿ ಹಿಡಿದಿದ್ದಾಳೆ. ಹೆಂಗಸರ ಜೊತೆ ನಡೆಯುತ್ತಿದ್ದಾಳೆ.

ಗೌಡರಿಗೆ ಮೇಣೆ ಬೇಕು, ಮೇಣೆ ಸಿಗುತ್ತದೆ. ಒಳಗೆ ಯಾರಿದ್ದಾರೆ ಅಂತ ಠರಾವಿನಲ್ಲಿ ಬರೆದಿಲ್ಲ. ಈ ಸಲ ಪೂರ್ತಿ ಓದಿದ್ದೇನೆ.

೮ ಏಪ್ರಿಲ್, ಶನಿವಾರ. ಯುಗಾದಿ

ಹಬ್ಬದ ದಿನವೂ ಮೇಣ. ಅವ್ವ ಬೇವು-ಬೆಲ್ಲ ಕೋಣೆಗೇ ತಂದಳು. ಹುಡುಗಿಯ ಮುಂದೆ ತುಂಬ ಹೊತ್ತು ನಿಂತಳು.

"ಇಕಿ ಯಾರು?"

"ಇಳಿದು ನಡಕೋತ ಹೊಂಟಾಕಿ."

ಅವ್ವ ನನ್ನ ಮುಖ ನೋಡಿದಳು. ಪುಣೆಯಿಂದ ನಾನು ಬಂದ ದಿನ ಹದಿನೈದು ವರ್ಷದ ಹಿಂದೆ ಕೇಳದೆ ಬಿಟ್ಟದ್ದನ್ನು ಈಗಲೂ ಕೇಳಲಿಲ್ಲ. ಪಡ್ಡಿನ ಹಂಚಿನ ಕೆಂಪು ಗುಳಿಯಲ್ಲಿ ಬೆರಳಿಡಲು ಹೋದಳು, ಸುಟ್ಟೀತು ಅಂತ ಹಿಡಿದುಕೊಂಡೆ. "ಹಂಚು ನೀನ ಇಟಗೋ" ಎಂದು ಹೇಳಿ ಹೋದಳು. ಹದಿನೈದು ವರ್ಷದಲ್ಲಿ ನನಗೆ ಇಷ್ಟು ದೊಡ್ಡ ಉಡುಗೊರೆ ಯಾರೂ ಕೊಟ್ಟಿಲ್ಲ.

ಎಂಟು ಮಂದಿ ಅಂತ ಮಾತು ಕೊಟ್ಟಿದ್ದೆನಲ್ಲ. ಹಾಕಿದ್ದೇನೆ. ಮೇಣೆಯ ಹಿಂದೆ ನಿದ್ದೆ ಹೋಗಿದ್ದಾರೆ, ಕಾಣುವುದು ಹದಿನಾರು ಅಂಗಾಲು ಮಾತ್ರ.

೧೨ ಏಪ್ರಿಲ್, ಬುಧವಾರ

ಹೊರಗೆ ನಲವತ್ತೊಂದು ಡಿಗ್ರಿ, ರೇಡಿಯೋ ಹೇಳಿತು. ಕೋಣೆಯೊಳಗೆ ಎಷ್ಟೋ, ಮೇಣವೇ ಬಲ್ಲದು. ಚಿತ್ರ ಕದಲಿಲ್ಲ. ಪೋಸ್ಟಿನವ ದಿನಾ ಬಗ್ಗಿ ನೋಡಿ ನಿರಾಶೆಯಿಂದ ಹೋಗುತ್ತಾನೆ.

ಮೇಣೆಗೆ ಎಂಟು ಪದರ ಏರಿಸಿದೆ. ಹೆಗಲ ಮೇಲೆ ಹೊರುವ ದಂಡಿಗೆ, ಕೈಯಲ್ಲಿ ಹಿಡಿಯುವಷ್ಟು ದಪ್ಪ. ಪರದೆಯ ಹಿಂದೆ ಬಿಸಿ ಉಳಿಯಿಂದ ಕೆತ್ತಿ ತೆಗೆದೆ, ಬೆರಳು ಹೋಗುವಷ್ಟು ಆಳ. ಹುಡುಗಿಯ ಮುಖ ಕಾಸಿಂಸಾಬರ ಮುಂದೆಯೇ ಬೆಸೆದೆ. ಉರಿ ತೋರಿಸಿದೆ, ಕೊಡಲಿಲ್ಲ. ಅವರು ತಲೆ ಆಡಿಸಿದರು. "ಈಗ ನಿಮ್ಮ ಕೈಯಾಗ ಕಲಾಯಿ ಹಾಕಸ್ಬಹುದ್ರಿ." ಇದಕ್ಕೂ ಮುಂಬಯಿ ಡಿಪ್ಲೊಮಾಕ್ಕೂ ತೂಕ ಹಾಕಿದರೆ ಇದೇ ಹೆಚ್ಚು.

೧೫ ಏಪ್ರಿಲ್, ಶನಿವಾರ. ಸಂಜೆ

ಎಂಟು ಮಂದಿ ಹೊತ್ತರು. ಗೋಡೆಗೆ ಏರಿತು. ನಾಲ್ಕೂ ಹಲಗೆ ಮೊದಲ ಸಲ ಒಟ್ಟಿಗೆ ನೋಡಿದೆ. ತಲೆಯಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿದೆ. ಹೀಗೆ ಬರೆದುಕೊಳ್ಳಬಾರದು, ಆದರೆ ಇದು ನನ್ನ ಪುಸ್ತಕ.

ಗೌಡರು ಬಾಗಿಲಿನಿಂದಲೇ ಮೇಣೆ ಕಂಡರು. ಕೆಂಪು ಮಖಮಲ್. ಕಣ್ಣಲ್ಲಿ ನೀರು. "ಒಳಗ ನಮ್ಮವ್ವ ಅದಾಳ್ರಿ" ಎಂದರು. ನಾನು ಹಲಗೆಯ ಸಂದಿ ಒರೆಸತೊಡಗಿದೆ. ನಾಳೆ ಬೆಳಿಗ್ಗೆ ತಮ್ಮ ಅವ್ವನನ್ನು ಕರೆತಂದು ಎಲ್ಲರಿಗಿಂತ ಮೊದಲು ತೋರಿಸುತ್ತಾರಂತೆ. ಹತ್ತಿರದಿಂದ ನೋಡಿದರೆ ಖಾಲಿ ಅಂತ ಗೊತ್ತಾಗುತ್ತದೆ. ಇಳಿಸು ಅಂದರೂ ಅಂದಾರು.

ಪರಮಾನಂದ ಮಾಸ್ತರರು ಚಿತ್ರದ ಕೆಳಗಿನ ಫಲಕ ಬರೆದಿದ್ದಾರೆ. 'ಮೇಣದ ಮೇಣೆ'. "ಈಗ ವ್ಯಾಕರಣ ಸರಿ ಆತ್ರಿ" ಎಂದರು. ಮುದುಕನ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ.

೧೬ ಏಪ್ರಿಲ್, ಭಾನುವಾರ. ಬೆಳಿಗ್ಗೆ ೭

ಹಾಲ್‌ನಲ್ಲೇ ಕೂತು ಬರೆಯುತ್ತಿದ್ದೇನೆ. ಆರಕ್ಕೇ ಬಂದು ಹಲಗೆಗಳ ಸಂದಿಗೆ ಮೇಣ ತುಂಬಿದೆ. ಸ್ಟೋವ್ ಇನ್ನೂ ಬಿಸಿ. ಕಾಸಿಂಸಾಬರು ಬಾಗಿಲ ಬಳಿ ಬೀಡಿ ಸೇದುತ್ತಿದ್ದಾರೆ.

ಹುಚ್ಚವ್ವ ಬಂದಳು, ಮಗನ ತೋಳು ಹಿಡಿದು. ಗೌಡರು ಅವಳ ಕೈ ಎತ್ತಿ ನೇರ ಮೇಣೆಯ ಮೇಲೆ ಇಟ್ಟರು. ದಂಡಿಗೆ ಹಿಡಿದಳು. ಹೊದಿಕೆ ಸವರಿದಳು. ಬೆರಳು ಪರದೆಯ ಒಳಗೆ ಹೋಯಿತು.

"ಸಿಕ್ಕಿಯೇನಬೇ ನೀ?" ಗೌಡರು ಕೇಳಿದರು.

"ಇಲ್ಲೋ ತಮ್ಮಾ. ಇಲ್ಲಿ ಯಾರೂ ಇಲ್ಲ."

ಗೌಡರು ಬಗ್ಗಿ ನೋಡಿದರು. ನನ್ನ ಕಡೆ ತಿರುಗಿದರು. ನಾನು ಪೆನ್ನು ಗಟ್ಟಿ ಹಿಡಿದೆ. ಅಷ್ಟರಲ್ಲಿ ಮುದುಕಿಯ ಕೈ ತಾನಾಗಿ ಎಡಕ್ಕೆ ಸರಿಯಿತು, ಸಂದಿ ದಾಟಿತು, ಒಂದು ಬುತ್ತಿ, ಒಂದು ತೋಳು, ಮತ್ತೊಂದು ಬುತ್ತಿ... ಆಮೇಲೆ ಬುತ್ತಿ ಇಲ್ಲ. ಕೈ ಕೆಳಗೆ ಇಳಿಯಿತು, ಹುಡುಕಿತು. ಸಣ್ಣ ತಲೆ. ಕೈಯಲ್ಲಿ ಬಾಸಿಂಗ. ಎತ್ತಿ ಕಟ್ಟಿದ ಸೀರೆ.

ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ, ಹಾಲ್ ತುಂಬ.

"ಇಲ್ಲಿ ಅದೀನೋ ರೇವಣ್ಣಾ ನಾ! ಇಳದೇನಿ! ನಡಕೋತ ಹೊಂಟೇನಿ ನೋಡು!"

ಗೌಡರು ಅವ್ವನನ್ನೇ ನೋಡುತ್ತ ನಿಂತರು. ಮೆಲ್ಲಗೆ ಅವಳ ಪಕ್ಕ ನೆಲದ ಮೇಲೆ ಕೂತು, ತಾವೂ ಆ ಹುಡುಗಿಯ ತಲೆ ಮುಟ್ಟಿದರು. ಇಳಿಸು ಅನ್ನಲಿಲ್ಲ.

ಈಗ ಮುದುಕಿ ಹುಡುಗಿಯ ಪಾದ ಸವರುತ್ತಿದ್ದಾಳೆ. ಒಂದು ಸಲ. ಮತ್ತೊಂದು ಸಲ. ನಗು ನಿಂತಿದೆ. ನನ್ನನ್ನು ಕರೆಯುತ್ತಿದ್ದಾಳೆ.

"ತಂಗೀ, ಕಾಲಾಗ ಕಾಲ್ಮರಿ ಎಲ್ಲಿ?"

ಅಯ್ಯೋ. ಎಲ್ಲ ನೆನಪಿಟ್ಟೆ, ಹದಿನಾರು ಅಂಗಾಲು ಬರೆದೆ, ಅದೊಂದು ಬಿಟ್ಟೆ! ಸಭೆ ಹತ್ತಕ್ಕೆ. ಹತ್ತಿರ ಹತ್ತಿರ ಮೂರು ತಾಸು ಇದೆ, ಆಗುತ್ತದೆ. ಕಾಸಿಂಸಾಬರು ಆಗಲೇ ಸ್ಟೋವಿಗೆ ಪಂಪ್ ಹೊಡೆಯುತ್ತಿದ್ದಾರೆ. ಕಂದು ಸಾಕಷ್ಟು ಇದೆ. ಗೊಂಡೆಗೆ ಕೆಂಪು, ಮೇಣೆಯ ಕೆಂಪೇ, ಒಂದು ಗುಳಿ, ಮತ್ತೆ ಸಣ್ಣ ಬ್ರಶ್. ಪೆನ್ನು ಕೆಳಗಿಟ್ಟೆ.